ಕರಿ ಕಾಳಿನ ಪಾಲು

ಕಾಲುಂಗುರ ಏರಲಿಲ್ಲ. ಹಣಮಮ್ಮ ಬೆರಳಿಗೆ ಸೋಪು ಹಚ್ಚಿ ತಿರುವಿದಳು, ಒತ್ತಿದಳು, ಮತ್ತೆ ತಿರುವಿದಳು. ಗೋಪಮ್ಮನ ಪಾದ ನೀರು ತುಂಬಿಕೊಂಡು ಊದಿತ್ತು. ಒತ್ತಿದ ಜಾಗದಲ್ಲಿ ಹೆಬ್ಬೆರಳಿನ ಕುಳಿ ಹಾಗೇ ಉಳಿಯಿತು.

“ಕಾಲಿಗೆ ಉಂಗುರ ಸಣ್ಣವಾದ್ವು, ಕೈಗೆ ಬಳಿ ದೊಡ್ಡವಾದ್ವು,” ಎಂದಳು ಹಣಮಮ್ಮ. ಆಗಷ್ಟೇ ತೊಡಿಸಿದ ಹಸಿರು ಬಳೆಗಳು ಗೋಪಮ್ಮನ ಮೊಣಕೈ ದಾಟಿ ಭುಜದ ಹತ್ತಿರ ಜಾರಿ ಕೂತಿದ್ದವು. “ಒಂದ ಮೈಯಾಗ ಇಬ್ಬರು ಹೆಂಗಸರು ಸೇರಿಕೊಂಡಾರ ನೋಡು. ಒಬ್ಬಾಕಿ ಉಪವಾಸದಾಕಿ, ಒಬ್ಬಾಕಿ ಬಸುರಿ.”

“ಬಿಡು, ಒತ್ತಬ್ಯಾಡ,” ಎಂದಳು ಮುನವ್ವರ್ ಬೀ. ಅವಳು ಗೋಪಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು. “ನೋಯ್ತದ.”

ಸತ್ತವಳಿಗೆ ನೋವೆಂಥದು ಎಂದು ಯಾರೂ ತಿದ್ದಲಿಲ್ಲ.

ಮೂವರೂ ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿರುವ ಶೇಂಗಾ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಒಂದೇ ಸಾಲಿನಲ್ಲಿ ಕೂತು ಕಾಳು ಆರಿಸಿದವರು. ಇವತ್ತು ಮೊದಲ ಸಲ ಗೋಪಮ್ಮನ ಕೈ ಸುಮ್ಮನಿತ್ತು, ಉಳಿದಿಬ್ಬರ ಕೈ ಆಡುತ್ತಿತ್ತು. ಹಿತ್ತಲಿಗೆ ಎರಡು ದುಪ್ಪಟಿ ಮರೆ ಕಟ್ಟಿದ್ದರು. ಮಗಳು ನಾಗವೇಣಿ ಕೊಡದಿಂದ ನೀರು ಮೊಗೆದು ಕೊಡುತ್ತಿದ್ದಳು. ಅರಿಸಿನದ ನೀರು ಅವ್ವನ ಹೊಟ್ಟೆಯ ಗುಡ್ಡ ಹತ್ತಿ ಎರಡೂ ಬದಿಗೆ ಇಳಿಯುತ್ತಿತ್ತು. ಯಾವುದು ಅರಿಸಿನ, ಯಾವುದು ಅವ್ವನ ಚರ್ಮದ ಬಣ್ಣ ಎಂದು ತಿಳಿಯುತ್ತಿರಲಿಲ್ಲ.

ಮರೆಯ ಆಚೆ ಅಪ್ಪ ಸೂಗಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಅವ್ವನ ಅಣ್ಣ ಪರಮಣ್ಣ ದೇವದುರ್ಗದಿಂದ ತವರಿನ ಸೀರೆ ತರಬೇಕಿತ್ತು. ಆ ಸೀರೆ ಉಡಿಸದೆ, ಉಡಿ ತುಂಬದೆ ಮುತ್ತೈದೆಯನ್ನು ಎತ್ತುವಂತಿಲ್ಲ.

“ಬಸ್ ಹತ್ಯಾನಂತ,” ಎಂದ ಸೂಗಪ್ಪ ಯಾರಿಗೆಂದಿಲ್ಲದೆ.

ಹಣಮಮ್ಮ ದನಿ ಇಳಿಸಿದಳು. “ಲಿವರ್ ಹೋತು ಅಂತಾರ. ಲಿವರ್ ಹೋಗೂದು ಕುಡಿಯೋರಿಗಲ್ಲೇನು? ಓಣ್ಯಾಗ ಏನಂತಾರ ಗೊತ್ತದ ಏನು, ಗೋಪಿ ಬಾಗಲಾ ಹಾಕ್ಕೊಂಡು ಕುಡೀತಿದ್ಲಂತ.”

“ಚಾದಾಗ ಸಕ್ರಿ ಹೆಚ್ಚಾದ್ರ ಅಮಲು ಬಂತು ಅನ್ನಾಕಿ,” ಎಂದಳು ಮುನವ್ವರ್ ಬೀ. ನಗಲು ಹೋದವಳು ತಡೆದಳು. ಅವಳ ಎಡಗೈ ಕೂದಲು ಬಿಟ್ಟು ತನ್ನದೇ ಬಲ ಪಕ್ಕೆಯ ಕೆಳಗೆ ಹೋಗಿ ಒತ್ತಿ ಹಿಡಿಯಿತು. ಬೆಳಗಿನಿಂದ ಇದು ನಾಲ್ಕನೇ ಸಲ. ನಾಗವೇಣಿ ಎಣಿಸುತ್ತಿದ್ದಳು.

*

ಅವ್ವನ ಕಣ್ಣು ಹಳದಿಯಾದಾಗ ಅವಳನ್ನು ಎಲೆ ಔಷಧಿಗೆ ಕರೆದುಕೊಂಡು ಹೋದವಳು ನಾಗವೇಣಿಯೇ.

ಅವಳು ಮಾನ್ವಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಮಾನ್ವಿಯ ಮಂದಿಯ ರಕ್ತವನ್ನೆಲ್ಲ ಸೀಸೆಗೆ ತುಂಬುತ್ತಿದ್ದವಳು ಅವ್ವನ ತೋಳಿಗೆ ಒಮ್ಮೆಯೂ ರಬ್ಬರ್ ಕಟ್ಟಿರಲಿಲ್ಲ. ಲ್ಯಾಬಿಗೆ ಬರುವವರೇ ಹೇಳಿದ್ದರು: ಕಾಮಣಿಗೆ ಇಂಗ್ಲಿಷ್ ಔಷಧಿ ಇಲ್ಲ, ಹೊಳಿ ದಂಡ್ಯಾಗಿನ ಹಳ್ಳ್ಯಾಗ ಒಬ್ಬ ಮುದುಕ ಕೊಡ್ತಾನ. ಏಳು ರವಿವಾರ, ಬರಿ ಹೊಟ್ಟೆಯಲ್ಲಿ ಒಂದು ಗುಟುಕು ಹಸಿರು ರಸ. ಎಣ್ಣೆ ಇಲ್ಲ, ಉಪ್ಪಿಲ್ಲ, ಜೋಳದ ಗಂಜಿ. ಅವ್ವ ಸಣ್ಣಗಾದಳು. ಪಥ್ಯ ಹತ್ತಿದೆ ಎಂದುಕೊಂಡರು. ಹೊಟ್ಟೆ ಮುಂದೆ ಬಂತು. ಗಂಜಿ ಹತ್ತಿದೆ ಎಂದುಕೊಂಡರು.

ಏಳು ರವಿವಾರ ಮುಗಿದ ಮೇಲೆ ರಾಯಚೂರಿನ ಆಸ್ಪತ್ರೆಯ ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಚಿಕ್ಕ ವಯಸ್ಸಿನವರು, ಕಣ್ಣು ತಪ್ಪಿಸುವುದನ್ನು ಇನ್ನೂ ಕಲಿತಿರಲಿಲ್ಲ.

“ಇದು ಬರೀ ಕಾಮಾಲೆ ಅಲ್ಲಮ್ಮ. ಕಾಮಾಲೆ ಮೇಲಿನ ಬಣ್ಣ. ಒಳಗೆ ಲಿವರಿನಲ್ಲಿ ಗಂಟಿದೆ, ಕ್ಯಾನ್ಸರ್ ಗಂಟು. ಒಂದಲ್ಲ.”

“ಯಾವಾಗಿಂದ ಸರ್?” ಎಂದಳು ನಾಗವೇಣಿ.

“ಗಂಟು ಒಂದು ವರ್ಷದ್ದಿರಬಹುದು. ಅದಕ್ಕೆ ನೆಲ ಹದವಾಗಿದ್ದು ಇಪ್ಪತ್ತು ವರ್ಷ. ಇವರ ರಕ್ತದಲ್ಲಿ ಹೆಪಟೈಟಿಸ್ ಬಿ ಅನ್ನೋ ವೈರಸ್ ಇದೆ.”

“ಒಂದು ದಿನಾನೂ ನೋವು ಅನ್ಲಿಲ್ಲ ಸರ್ ಅವ್ವ.”

“ಲಿವರ್ ಮೂಕ. ಮುಕ್ಕಾಲು ಹೋದ ಮೇಲೆ ಬಾಯಿ ಬಿಡುತ್ತದೆ.” ಅವರು ಗೋಪಮ್ಮನ ಕಡೆ ತಿರುಗಿದರು. “ಕುಡೀತೀರೇನಮ್ಮ?”

ಅವ್ವ ತಲೆ ಅಲ್ಲಾಡಿಸಿದಳು.

“ಊಟ ಏನು ಮಾಡ್ತಿದ್ರಿ?”

“ರೊಟ್ಟಿ ರೀ. ಶೇಂಗಾ ಹಿಂಡಿ. ಮೂರು ಹೊತ್ತೂ.” ಅವ್ವನ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಅವಳು ಕುಟ್ಟುವ ಆ ಚಟ್ನಿಪುಡಿ ಶೆಡ್ಡಿಗೆಲ್ಲ ಹೆಸರಾಗಿತ್ತು. ಎಂಥ ಶೇಂಗಾ ಎಂದು ಡಾಕ್ಟರು ಕೇಳಿದ್ದಕ್ಕೆ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಅಲ್ಲಿ ಯಾವಾಗಲೂ ನಾಲ್ಕು ಕಾಳು ಇರುತ್ತಿದ್ದವು.

ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಕರ್ರಗೆ ಮುರುಟಿದ ಕಾಳು. ಸೀಳಿನಲ್ಲಿ ಹಸಿರು ಬೂದಿಯಂಥ ಬೂಷ್ಟು.

“ಇವನ್ನು ಯಾರು ಕೊಟ್ಟರು ನಿಮಗೆ?”

“ನಮ್ಮ ಪಾಲು ರೀ. ಆರಿಸಿ ಬಿಟ್ಟದ್ದು ಮಾಲಕ ನಮಗ ಕೊಡ್ತಾನ.”

ಡಾಕ್ಟರು ಕಾಳನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು. ಬೂಷ್ಟಿನ ವಿಷ ಒಂದೇ ಇದ್ದರೆ ಲಿವರ್ ಎಷ್ಟೋ ತಡಕೊಳ್ಳುತ್ತದೆ, ವೈರಸ್ ಒಂದೇ ಇದ್ದರೂ ತಡಕೊಳ್ಳಬಹುದು, ಎರಡೂ ಕೂಡಿದರೆ ತಡೆಯುವುದು ಕಷ್ಟ ಎಂದರು. ಕೊಯ್ದು ತೆಗೆಯುವ ಹಂತ ದಾಟಿದೆ. ನೋವಿಗೆ ಬರೆದುಕೊಡುತ್ತೇನೆ, ಹೊಟ್ಟೆಯ ನೀರು ತೆಗೆಯೋಣ. ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿ.

ನಾಗವೇಣಿ ತನ್ನ ಮತ್ತು ಅಪ್ಪನ ರಕ್ತ ನೋಡಿದಳು. ಇಬ್ಬರದೂ ಶುದ್ಧವಿತ್ತು. ಇಬ್ಬರೂ ಲಸಿಕೆ ಹಾಕಿಸಿಕೊಂಡರು. ಅದು ಅವ್ವನಿಗೆ ಬಹಳ ಸಮಾಧಾನ ಕೊಟ್ಟಂತೆ ಕಂಡಿತು.

ಸಾಯುವ ಎಂಟು ದಿನ ಮೊದಲು, ಮಧ್ಯಾಹ್ನ ಎರಡು ಗಂಟೆಗೆ, ಬಾಗಿಲಲ್ಲಿ ಬಿಸಿಲು ಚೆಲ್ಲಿದ್ದಾಗ ಅವ್ವ ಲೈಟು ಹಚ್ಚು ಎಂದಳು. ಹಚ್ಚಿದ ಮೇಲೂ ಹಚ್ಚು ಎಂದಳು. ಆಮೇಲೆ ಮಗಳ ಮುಂಗೈ ಹಿಡಿದಳು.

“ಮುನವ್ವರ್‌ಗ ಹೇಳು. ಜ್ವರದಾಗ ಶೆಡ್ಡಿಗೆ ಬರ್ತಿದ್ನಲ್ಲ, ಸೂಜಿ ಹಾಕಾವ, ನನಗ ಹಾಕಿದ ಸೂಜೀನ ಆಕಿಗೂ ಹಾಕ್ಯಾನ. ನಾ ತಿಂದದ್ದ ತಿಂದಾಳ. ಆಕಿಗೆ ಆ ಕಾಳು ಬಿಡಿಸು. ಆಕಿ ರಕ್ತ ನೋಡು ನಾಗಿ.”

ಅದೇ ಕಡೆಯ ನೆಟ್ಟಗಿನ ಮಾತು. ಮುಂದೆ ಅವ್ವ ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ಇದ್ದಳು. ಬೆರಳು ಮಾತ್ರ ಹೊದಿಕೆಯ ಮೇಲಿನ ಅಚ್ಚಿನ ಹೂಗಳನ್ನು ಒಂದೊಂದಾಗಿ ಆರಿಸುತ್ತಿತ್ತು, ಕೆಲವನ್ನು ಎಡಕ್ಕೆ, ಕೆಲವನ್ನು ಬಲಕ್ಕೆ.

ನಾಗವೇಣಿ ಫೋನ್ ಮಾಡಿದ್ದಳು. “ನಿಮ್ಮವ್ವ ಮೊದಲ ಎದ್ದು ಕೂಡ್ಲಿ, ಆಮ್ಯಾಲ ನನ್ನ ರಕ್ತ ಕುಡಿ,” ಎಂದು ಮುನವ್ವರ್ ಬೀ ಇಟ್ಟುಬಿಟ್ಟಿದ್ದಳು.

*

ಹನ್ನೊಂದು ಗಂಟೆಗೆ ಶೆಡ್ಡಿನ ಉಳಿದ ಹೆಂಗಸರು ಅರ್ಧ ಪಾಳಿ ಬಿಟ್ಟು ಬಂದರು. ಹತ್ತು ಹನ್ನೆರಡು ಮಂದಿ, ರೆಪ್ಪೆಯ ಮೇಲೆ ಶೇಂಗಾ ಸಿಪ್ಪೆಯ ಕೆಂಪು ಧೂಳು ಹಾಗೇ ಇತ್ತು. ಸೂಗಪ್ಪ ಎದ್ದು ನಿಂತ.

“ಬೌದ್ಧ ಸಂಘದವರು ಪಂಚಶೀಲ ಹೇಳ್ತಾರ, ಮೇಣಬತ್ತಿ ಹಚ್ತಾರ,” ಎಂದ. “ಉಡಿ ನಿಮ್ಮ ಕೆಲಸ. ಅದಕ್ಕ ನಾ ಅಡ್ಡ ಬರೂದಿಲ್ಲ. ಆಕಿ ಇದ್ದಾಗೂ ಬಂದಿಲ್ಲ.”

ಸಾಲಿನಲ್ಲಿ ಯಾರು ಹೋದರೂ ಅವಳ ಉಡಿಗೆ ಸಾಲಿನವರೆಲ್ಲ ಒಂದೊಂದು ಹಿಡಿ ಶೇಂಗಾ ಹಾಕುವುದು ಶೆಡ್ಡಿನ ಹೆಂಗಸರು ತಾವೇ ಮಾಡಿಕೊಂಡ ರೂಢಿ. ಹಣಮಮ್ಮ ಅವರು ತಂದ ಗಂಟನ್ನು ಬಿಚ್ಚಿ ಮೊರಕ್ಕೆ ಸುರಿದಳು. ಅಷ್ಟೂ ಕರಿ ಕಾಳು.

“ಇವು ಬ್ಯಾಡ,” ಎಂದಳು ನಾಗವೇಣಿ.

“ಬ್ಯಾಡ ಅಂದ್ರ? ಸಾಲಿನವರ ಹಿಡಿ ಇದು.”

“ಅವ್ವನ್ನ ತಿಂದದ್ದು ಇವ ಅತ್ತಿ. ಮಣ್ಣಾಗೂ ಆಕಿ ಉಡ್ಯಾಗ ಇವ ಯಾಕ ಬೇಕು?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಾಗವೇಣಿ ಹೇಳತೊಡಗಿದಳು. ಡಾಕ್ಟರು ಹೇಳಿದ್ದನ್ನೆಲ್ಲ, ನಿಲ್ಲಿಸಿದರೆ ಮತ್ತೆ ಹೇಳಲಾಗುವುದಿಲ್ಲ ಎಂಬಂತೆ ಹೇಳಿದಳು. ಹೇಳುವಾಗ ಮುನವ್ವರ್ ಬೀಯೊಬ್ಬಳನ್ನೇ ನೋಡುತ್ತಿದ್ದಳು.

“ತೊಳೀತೀವಿ, ಬಿಸಲಿಗೆ ಹಾಕ್ತೀವಿ, ಕೆಂಪಗ ಹುರೀತೀವಿ,” ಎಂದಳು ಹಣಮಮ್ಮ. “ಯಾವ ವಿಷ ಉಳೀತದ?”

“ಹುರಿದ್ರ ಬೂಷ್ಟು ಸಾಯ್ತದ. ಅದು ಬಿಟ್ಟುಹೋದ ವಿಷ ಹೋಗೂದಿಲ್ಲ.”

“ಹಂಗಿದ್ರ ಶೆಡ್ಡಿನಾಗ ಒಂದು ಇಲಿ ಸೈತ ಉಳೀತಿರಲಿಲ್ಲ. ನಾ ನೋಡು, ಕಲ್ಲಾಗೀನಿ.”

“ಎಲ್ಲಾರಿಗೂ ಬರೂದಿಲ್ಲ. ರಕ್ತದಾಗ ವೈರಸ್ ಇದ್ದವರಿಗೆ ಬರೂದು ಹೆಚ್ಚು. ಒಂದು ಹನಿ ರಕ್ತ ಕೊಡ್ರಿ, ನಾನ ನೋಡ್ತೀನಿ. ರೊಕ್ಕ ಬ್ಯಾಡ.”

ಹಣಮಮ್ಮ ಹತ್ತಿರ ಬಂದು ನಾಗವೇಣಿಯ ಗದ್ದ ಹಿಡಿದಳು. ಸಿಟ್ಟು ಇರಲಿಲ್ಲ.

“ನಿನ್ನ ಮಾತು ಮಾಲಕನ ಕಿವಿಗೆ ಬಿತ್ತಂದ್ರ ಅವಗ ಹಬ್ಬ. ವಿಷ ಅಂತ ನಾಳಿಂದ ಪಾಲು ಬಂದ್ ಮಾಡ್ತಾನ, ಕೋಳಿ ಫೀಡಿಗೆ ಮಾರ್ತಾನ. ಆಮ್ಯಾಲ ಇವರ ಮಕ್ಕಳು ರೊಟ್ಟಿಗೆ ಏನು ಹಚ್ಕೊಂಡು ತಿನ್ಬೇಕು, ನಿನ್ನ ಸೂಜಿ? ಸುಮ್ಕಿರು ನಾಗಿ. ಕೈ ಮುಗೀತೀನಿ.”

ಒಬ್ಬಿಬ್ಬರು ಮೊರದ ಕಡೆ ನೋಡಿ ಕಣ್ಣು ಸರಿಸಿದರು.

ಆಗ ಮುನವ್ವರ್ ಬೀ ಎದ್ದು ಮರೆಯ ಹಿಂದೆ ಹೋದಳು. ಬಂದಾಗ ಅವಳ ಮುಷ್ಟಿಯಲ್ಲಿ ಕರವಸ್ತ್ರದ ಸಣ್ಣ ಗಂಟಿತ್ತು. ಬಿಚ್ಚಿದಳು. ಗುಲಾಬಿ ಕಾಳು, ಒಂದೊಂದೂ ದಪ್ಪಗೆ, ಒಂದೇ ಅಳತೆ, ಹೊರದೇಶಕ್ಕೆ ಹೋಗುವಂಥವು. ಗೇಟಿನಲ್ಲಿ ಹೆಂಗಸರ ಸೆರಗು ಜಾಡಿಸಿ ನೋಡಿಯೇ ಹೊರಗೆ ಬಿಡುತ್ತಿದ್ದರು.

“ಎಲ್ಲಿ ಇಟ್ಕೊಂಡು ಬಂದಿ?” ಎಂದಳು ಹಣಮಮ್ಮ.

“ಕೇಳಬ್ಯಾಡ,” ಎಂದಳು ಮುನವ್ವರ್ ಬೀ. “ಇಪ್ಪತ್ತೆರಡು ವರ್ಷದಾಗ ಇದೊಂದ ಕಳವು. ಇದಕ್ಕ ಅಲ್ಲಾಗ ನಾ ಉತ್ತರಾ ಕೊಡ್ತೀನಿ. ಗೋಪಿ ಉಡಿಗೆ ಇವು ಇರ್ಲಿ.”

*

ನಾಗವೇಣಿ ಸಣ್ಣವಳಿದ್ದಾಗ ಶನಿವಾರ ಸಂಜೆ ಮನೆಗೆ ಪಾಲು ಬರುತ್ತಿತ್ತು. ಅವ್ವ ಉಡಿ ಬಿಚ್ಚಿ ಮೊರಕ್ಕೆ ಸುರಿದು, ದಿನವಿಡೀ ಮಾಡಿದ ಕೆಲಸವನ್ನೇ ಮತ್ತೆ ಮಾಡುತ್ತಿದ್ದಳು. ಶೆಡ್ಡಿನವರು ಬ್ಯಾಡವೆಂದದ್ದರಲ್ಲೇ ಬೇಕಾದ್ದು ಇರುತ್ತಿತ್ತು. ಕಡಿಮೆ ಕರಿಯವು ಮಗಳ ಮತ್ತು ಗಂಡನ ಡಬ್ಬಿಗೆ. ಪೂರಾ ಕರಿಯವು ಅವಳ ಡಬ್ಬಿಗೆ. ಎರಡನ್ನೂ ಬೇರೆ ಬೇರೆ ಕುಟ್ಟುತ್ತಿದ್ದಳು. ತನ್ನದಕ್ಕೆ ಬೆಳ್ಳುಳ್ಳಿ ಹೆಚ್ಚು, ಖಾರ ಹೆಚ್ಚು. ಕಹಿ ಗೊತ್ತಾಗಬಾರದಲ್ಲ.

“ನನಗ ನಿನ್ನ ಡಬ್ಬಿದು ಕೊಡು,” ಎಂದು ನಾಗವೇಣಿ ಹಟ ಮಾಡಿದಾಗ ಅವ್ವ ಕತೆ ಹೇಳುತ್ತಿದ್ದಳು. ಎಲ್ಲ ಕಾಳೂ ಮೊದಲು ಬೆಳ್ಳಗೇ ಇದ್ದವಂತೆ. ಭೂಮಿಯೊಳಗೆ ಬಹಳ ಕತ್ತಲಂತೆ, ಮೊಳಕೆಗಳು ಹೆದರಿ ಅಳುತ್ತಿದ್ದವಂತೆ. ಕೆಲವು ಕಾಳು, ತಾವೇ ದೊಡ್ಡವೆಂದುಕೊಂಡವು, ಸುತ್ತಲಿನ ಕತ್ತಲನ್ನೆಲ್ಲ ಗಟಗಟ ಕುಡಿದುಬಿಟ್ಟವಂತೆ, ಉಳಿದವು ಬೆಳಕಿನಲ್ಲಿ ಬೆಳೆಯಲಿ ಎಂದು. ಅವೇ ಕರಿ ಕಾಳು.

“ಅವನ್ನ ತಿಂದ್ರ ಏನಾಗ್ತದ?”

“ತಿಂದವರಿಗೆ ಕತ್ತಲಿ ಅಂದ್ರ ಹೆದರಿಕಿ ಇರೂದಿಲ್ಲ.”

“ಹಂಗಾದ್ರ ನನಗೂ ಬೇಕು.”

“ನಿನಗ ಯಾಕ? ನೀ ಲೈಟಿನಾಗ ಓದಾಕಿ,” ಎಂದು ಅವ್ವ ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತಿದ್ದಳು.

*

ಪರಮಣ್ಣ ಒಂದು ಗಂಟೆಗೆ ಬಂದ. ಸೀರೆಯ ಚೀಲವನ್ನು ಎದೆಗವಚಿಕೊಂಡಿದ್ದ.

“ಸೀಟ ಇರಲಿಲ್ಲ. ನಿಂತ ಬಂದೆ,” ಎಂದು ಹೇಳಿದ. ತಂಗಿಯ ಮುಖ ನೋಡಿದ. ಹೊಟ್ಟೆ ನೋಡಿದ. “ಸಣ್ಣಾಗ್ಯಾಳ ಅಂದಿದ್ರಲ್ಲಾ ಫೋನಿನಾಗ.”

“ಆಗಿದ್ಲು ಮಾಮ,” ಎಂದಳು ನಾಗವೇಣಿ.

“ಮದುವ್ಯಾಗೂ ಹಸಿರ ತಂದಿದ್ದೆ. ಇಂಥಾದ ಅಂಚು. ಅಂಗಡ್ಯಾಂವ ಕೇಳಿದ, ಯಾವ ಕಾರ್ಯಕ್ರಮಕ್ಕ ಅಣ್ಣಾ ಅಂತ.” ಅವನು ಚೀಲವನ್ನು ಹೆಂಗಸರ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತ.

ಸೀರೆ ಉಡಿಸಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಎಲೆ ಅಡಿಕೆ. ಹಣಮಮ್ಮ ಕರಿ ಕಾಳಿನ ಮೊರವನ್ನು ಕಾಲಿನಿಂದ ಗೋಡೆಯ ಬದಿಗೆ ಸರಿಸಿದಳು. ಒಂದಷ್ಟು ನೆಲಕ್ಕೆ ಚೆಲ್ಲಿದವು. ಮುನವ್ವರ್ ಬೀ ಬಗ್ಗಿ ಗುಲಾಬಿ ಕಾಳುಗಳನ್ನು ಉಡಿಗೆ ಹಾಕಿದಳು, ಎಸೆಯಲಿಲ್ಲ, ಮಗುವಿನ ಬಾಯಿಗೆ ಇಟ್ಟಂತೆ ಇಟ್ಟಳು. ಏಳುವಾಗ ಒಂದು ಕ್ಷಣ ಅರ್ಧಕ್ಕೇ ನಿಂತು ಪಕ್ಕೆ ಹಿಡಿದುಕೊಂಡಳು.

ಸೂಗಪ್ಪ ಹೆಂಡತಿಯ ಉಡಿಯನ್ನು ನೋಡುತ್ತ ನಿಂತಿದ್ದ. “ಇಂಥಾ ಕಾಳು ಆಕಿ ಕೈಯಾಗ ಎಷ್ಟು ಹಾದು ಹೋಗಿರಬೇಕು,” ಎಂದ. “ಒಂದರೆ ಬಾಯಾಗ ಹಾಕ್ಕೊಬೇಕಿಲ್ಲೋ.”

ಸಂಘದವರು ಪಾಲಿಯಲ್ಲಿ ಹೇಳಿಕೊಟ್ಟದ್ದನ್ನು ಓಣಿಯವರು ಹಿಂದೆ ಹಿಂದೆ ಹೇಳಿದರು. ಆಮೇಲೆ ಎತ್ತಿದರು. ದಾರಿಯಲ್ಲಿ ರೈಲು ಹಳಿಯ ಗೇಟು ಹಾಕಿತ್ತು. ಗೂಡ್ಸ್ ಗಾಡಿ ದಾಟುವವರೆಗೆ ಗೋಪಮ್ಮನನ್ನು ಹೆಗಲ ಮೇಲೆಯೇ ಹೊತ್ತುಕೊಂಡು ಬಿಸಿಲಲ್ಲಿ ನಿಂತರು. ಡಬ್ಬಿಗಳು ಮುಗಿಯಲೇ ಇಲ್ಲ. ಮಣ್ಣು ಹಾಕುವಾಗ ನಾಗವೇಣಿಯ ಕಣ್ಣು ಉಡಿಯ ಮೇಲಿತ್ತು. ಹಸಿರು ಹೋಯಿತು, ಗುಲಾಬಿ ಹೋಯಿತು.

*

ನಾಲ್ಕರ ಹೊತ್ತಿಗೆ ಓಣಿ ಖಾಲಿಯಾಯಿತು. ಪರಮಣ್ಣ ಒಳಗೆ ಮಲಗಿದ್ದ. ಅಪ್ಪ ಅವ್ವನ ಜಾಗದಲ್ಲಿ ಹಚ್ಚಿಟ್ಟ ಮೇಣಬತ್ತಿಯ ಮುಂದೆ ಕೂತಿದ್ದ. ಹಣಮಮ್ಮ ಉಳಿದ ಅರ್ಧ ಪಾಳಿಗೆ ಹೋಗಿದ್ದಳು. ಮುನವ್ವರ್ ಬೀ ಮಾತ್ರ ಹಿತ್ತಲ ಕಟ್ಟೆಯ ಮೇಲೆ ಉಳಿದಿದ್ದಳು.

ನಾಗವೇಣಿ ತನ್ನ ಕೆಲಸದ ಚೀಲ ತಂದು ಪಕ್ಕದಲ್ಲಿ ಕೂತಳು. “ಕೈ ಕೊಡ್ರಿ ಖಾಲಾ.”

“ನಾಳಿ.”

“ನಾಳಿ ನೀವು ಶೆಡ್ಡಿನಾಗ, ನಾ ಮಾನ್ವ್ಯಾಗ.”

“ಹೆಣ ಹೋದ ಮನ್ಯಾಗ ಯಾರರೆ ರಕ್ತ ತೆಗೀತಾರೇನು ಬೇಟಿ?”

“ಅವ್ವ ಹೇಳಿ ಹೋಗ್ಯಾಳ.”

ಮುನವ್ವರ್ ಬೀ ಅವಳ ಕಡೆ ತಿರುಗಿದಳು. ಇಳಿಬಿಸಿಲು ಕಣ್ಣಿಗೆ ಬಿದ್ದಾಗ ಬಿಳಿಭಾಗ ಹಳೆಯ ಪುಸ್ತಕದ ಹಾಳೆಯಂತೆ ಕಂಡಿತು. “ಸಾಯಾಗೂ ಸುಮ್ಕಿರಲಿಲ್ಲ ಹುಚ್ಚಿ,” ಎಂದು ತೋಳು ಚಾಚಿದಳು.

ಸಣ್ಣಗಾದ ತೋಳಿಗೆ ರಬ್ಬರ್ ಕಟ್ಟಲು ಎರಡು ಸುತ್ತು ಹೆಚ್ಚೇ ಬೇಕಾಯಿತು. ಸೀಸೆ ತುಂಬಿತು. ನಾಗವೇಣಿ ಅದನ್ನು ಸ್ಟೀಲಿನ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಕಿಟಕಿಯಲ್ಲಿಟ್ಟಳು.

“ಎಷ್ಟು ದಿನದಿಂದ ನೋವದ?”

“ಯಾರು ಹೇಳಿದ್ರು ನೋವದ ಅಂತ?”

“ಖಾಲಾ.”

“ರಂಜಾನ್ ಆದಮ್ಯಾಲಿಂದ,” ಎಂದಳು ಮುನವ್ವರ್ ಬೀ. “ಮೊದಲ ಗೋಪಿಗೆ ಹೇಳೂಣ ಅಂತ ಇದ್ದೆ. ಆಕಿದ ದೊಡ್ಡದಾತು.”

ಅವಳು ಕಟ್ಟೆಯಿಂದ ಇಳಿದು, ಗೋಡೆಯ ಬದಿಗೆ ಬಿದ್ದಿದ್ದ ಮೊರವನ್ನು ಎಳೆದುಕೊಂಡಳು. ಚೆಲ್ಲಿದ್ದ ಕಾಳುಗಳನ್ನು ಬಳಿದು ಮೊರಕ್ಕೆ ಹಾಕಿ, ಮಣ್ಣು ಊದಿದಳು. ಸೂಜಿ ಚುಚ್ಚಿದ ಕಡೆಯ ಹತ್ತಿ ಉದುರಿ ಬಿತ್ತು. ಅವಳು ನೋಡಲಿಲ್ಲ.

“ಬಿಡ್ರಿ ಅವನ್ನ.”

“ಬಿಟ್ರ ತುಳೀತಾರ. ಅನ್ನ ಅದು.”

ಬಿಸಿಲು ಕಟ್ಟೆಯಿಂದ ಸರಿಯಿತು. ದೂರದಲ್ಲಿ ಹತ್ತಿ ಗಿರಣಿಯ ಸೈರನ್ ಕೂಗಿತು. ಕಿಟಕಿಯ ಸೀಸೆಯಲ್ಲಿ ಕೆಂಪು ಗಟ್ಟಿಯಾಗಿ ಕೆಳಗಿಳಿಯತೊಡಗಿತ್ತು, ಅದರ ಮೇಲೆ ನೀರು ತೇಲತೊಡಗಿತ್ತು. ಒಳ್ಳೆಯ ರಕ್ತದ ನೀರು ಒಣಹುಲ್ಲಿನ ಬಣ್ಣದ್ದಿರುತ್ತದೆ. ಸಾವಿರ ಸೀಸೆ ನೋಡಿದ್ದಳು ನಾಗವೇಣಿ. ಇದು ಬೆಳಿಗ್ಗೆ ಅವ್ವನ ಮೈಮೇಲಿಂದ ಇಳಿದ ಅರಿಸಿನದ ನೀರಿನಂತಿತ್ತು.

“ಏನಂತದ ನನ್ನ ರಕ್ತ?” ಎಂದಳು ಮುನವ್ವರ್ ಬೀ, ತಲೆ ಎತ್ತದೆ.

“ಇನ್ನಾ ತಿಳೀಲಿಲ್ಲ ಖಾಲಾ. ಮಷೀನಿಗೆ ಹಾಕಬೇಕು.”

“ಹೂಂ.” ಅವಳು ಪಕ್ಕದಲ್ಲಿದ್ದ ತಟ್ಟೆಯನ್ನು ನಾಗವೇಣಿಯ ಮುಂದೆ ಸರಿಸಿದಳು. “ಮೂರು ದಿನ ನಿಮ್ಮ ಮನ್ಯಾಗ ಒಲಿ ಹಚ್ಚೂದಿಲ್ಲ. ನಿನಗೂ ನಿಮ್ಮಪ್ಪಗೂ ನಾ ಹಿಂಡಿ ಕುಟ್ಟಿ ಕಳಸ್ತೀನಿ. ಹೆದರಬ್ಯಾಡ, ಚೊಲೋವ ತೆಗೀತೀನಿ.”

ಅವಳ ಬೆರಳು ಆಗಲೇ ಓಡುತ್ತಿತ್ತು, ನೋಡುವ ಅಗತ್ಯವೂ ಇಲ್ಲದಂತೆ. ಕಡಿಮೆ ಕರಿಯವು ನಾಗವೇಣಿಯ ಮುಂದಿನ ತಟ್ಟೆಗೆ. ಪೂರಾ ಕರಿಯವು ಒಂದೊಂದಾಗಿ ಅವಳ ಸೆರಗಿಗೆ.